ಮೇಟಿಯ ಸುತ್ತ ಕಾಂಟೆಸಾ

ಸಗಣಿ ನೀರಿಗೆ ಮೊಣಕೈವರೆಗೂ ಕೈ ಅದ್ದಿ ಕಣ ಸಾರಿಸುತ್ತಿದ್ದೆ. ಅರ್ಧ ಮುಗಿದಿತ್ತು. ಮೇಟಿಯ ಬುಡದಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬರಬೇಕು, ಇಲ್ಲದಿದ್ದರೆ ಸಾರಿಸಿದ್ದರ ಮೇಲೇ ಕಾಲಿಡಬೇಕಾಗುತ್ತದೆ. ಮೇಟಿ ಎಂದರೆ ಕಣದ ನಟ್ಟನಡುವೆ ನೆಡುವ ಕಂಬ. ಹಿಂದೆ ಅದಕ್ಕೆ ಹಗ್ಗ ಬಿಗಿದು ಎತ್ತುಗಳನ್ನು ಸುತ್ತ ತುಳಿಸುತ್ತಿದ್ದೆವು. ಈಗ ಊರಿನವರು ರಾಗಿಯನ್ನು ಮಿಷನ್ನಿಗೆ ಕೊಡುತ್ತಾರೆ, ಇಲ್ಲವೇ ಟಾರು ರಸ್ತೆಗೆ ಹರವಿ ಬಸ್ಸು ಲಾರಿಗಳ ಕೈಲಿ ಪುಗಸಟ್ಟೆ ತುಳಿಸುತ್ತಾರೆ. ನಾನು ಮಾತ್ರ ಕಣ ಬಿಟ್ಟಿಲ್ಲ. ತುಳಿಯುವುದು ಬಾಡಿಗೆ ಟ್ರ್ಯಾಕ್ಟರೇ ಆದರೂ ಮೇಟಿ ನೆಡುತ್ತೇನೆ, ಬುಡದಲ್ಲಿ ಸಗಣಿಯ ಬೆನಕನನ್ನು ಕೂರಿಸಿ ನೆತ್ತಿಗೆ ಗರಿಕೆ ಸಿಕ್ಕಿಸುತ್ತೇನೆ.

"ಅಜ್ಜಿ, ರಾಶಿ ಎತ್ತಿದ ಮೇಲೆ ಕಣ ನಂಗೆ ಬೇಕು."

ಬೇಲಿಯ ಆಚೆ ಚೈತ್ರ ನಿಂತಿದ್ದಳು. ನನ್ನ ಮಗ ಕೆಂಪರಾಜನ ಮಗಳು. ಡಿಪ್ಲೊಮಾ ಓದಿ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾಳೆ. ಅಂಗಿಯ ತೋಳಿನಲ್ಲಿ ಯಾವಾಗಲೂ ಗ್ರೀಸು.

"ಯಾತಕ್ಕೇ?"

"ಕಾರು ಓಡ್ಸೋಕೆ."

"ಚಪ್ಪಲಿ ಬಿಟ್ಟು ಬರೋ ಜಾಗ ಇದು."

"ಕಾರಿಗೆ ಚಪ್ಪಲಿ ಎಲ್ಲಿದೆ?"

"ಟೈರು ಏನು ಮತ್ತೆ?"

"ಅದು ಬರಿಗಾಲು ಅಂದ್ಕೋ. ಬೇಕಾದ್ರೆ ತೊಳೆದು ಕರ್ಕೊಂಡ್ಬರ್ತೀನಿ."

ನನಗೆ ನಗು ಬಂತು. ಸಗಣಿ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳಲಾಗದೆ ಜೋರಾಗಿಯೇ ನಕ್ಕೆ. ಅವಳು ನಗಲಿಲ್ಲ. "ಅಪ್ಪ ನೋಡ್ಬೇಕು ಅಜ್ಜಿ. ನೋಡ್ದೆ ಹೋದ್ರೆ ನಿನ್ನ ಪತ್ರ ಹೋಗಲ್ಲ. ಪತ್ರ ಹೋಗ್ದಿದ್ರೆ ಸಂಕ್ರಾಂತಿ ಕಳೆದ ಮಾರನೇ ದಿನ ಕಾರು ಹೋಟೆಲ್ ಪಾಲು."

ಅದು ನಿಜ. ಆ ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ.

ಕಾರು ಕಾಂಟೆಸಾ. ಬಿಳಿಯದು, ಉದ್ದನೆಯದು. ನನ್ನ ಗಂಡ ಅಪ್ಪಯ್ಯಣ್ಣನವರದು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ. ಅವರು ಅದನ್ನು ಮದುವೆ ಬಾಡಿಗೆಗೆ ಓಡಿಸುತ್ತಿದ್ದರು. ನೆಲಮಂಗಲ ಸೀಮೆಯ ಎಷ್ಟೋ ಗಂಡು ಹೆಣ್ಣು ಅದರ ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡು ಶಿವಗಂಗೆಗೆ ಹೋಗಿ ಬಂದಿದ್ದಾರೆ. ಬಂಪರನ್ನು ಬೂದಿ ಹಾಕಿ ತಿಕ್ಕಿ ಮುಖ ಕಾಣುವಂತೆ ಮಾಡುತ್ತಿದ್ದವಳು ನಾನು. ಆದರೆ ಮುಂದಿನ ಸೀಟಿನಲ್ಲಿ ಕೂತವಳಲ್ಲ. ಅದು ಗಂಡಿನ ತಂದೆಗೆ, ಇಲ್ಲವೇ ಐನೋರಿಗೆ, ಇಲ್ಲವೇ ಖಾಲಿ. "ಹೆಂಗಸರು ಹಿಂದೆ," ಅನ್ನುತ್ತಿದ್ದರು ಅವರು, ನಾನೊಬ್ಬಳೇ ಇದ್ದರೂ. ಅವರು ಹೋದ ಮೇಲೆ ಕಾಗದಪತ್ರ ನನ್ನ ಹೆಸರಿಗೆ ಆಯಿತು, ಕಾರು ಕೊಟ್ಟಿಗೆ ಸೇರಿತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡತೊಡಗಿತು.

ಆ ಕೋಳಿಯನ್ನು ಎಬ್ಬಿಸಿದವಳು ಚೈತ್ರ. ಜೊತೆಗೆ ಅವಳ ಗೆಳತಿ ಸಂಘಮಿತ್ರ, ಅದೇ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುವವಳು. ನನಗೆ ಅಕ್ಷರ ಕಲಿಸಿದ ಆವಲಪ್ಪ ಮೇಷ್ಟ್ರ ಮೊಮ್ಮಗಳು. ಮಗ ಹೈಸ್ಕೂಲಿಗೆ ಹೋಗುವ ಕಾಲದಲ್ಲಿ ನಾನು ರಾತ್ರಿ ಶಾಲೆಗೆ ಹೋದೆ. ಕಾಲನಿಯ ಮೇಷ್ಟ್ರ ಮುಂದೆ ಚಾಪೆ ಹಾಕಿಕೊಂಡು ಕೂರುತ್ತಾಳೆ ಅಂತ ಊರಿನವರು ಆಡಿಕೊಂಡರು. ಆಡಿಕೊಳ್ಳಲಿ ಅಂತ ಬಿಟ್ಟೆ. ಅವರ ಆಡಿಕೆ ಒಂದು ಮಳೆಗಾಲಕ್ಕೆ ಸಾಕಾಯಿತು, ನನ್ನ ಅಕ್ಷರ ಇನ್ನೂ ಇದೆ.

ಹುಡುಗಿಯರಿಬ್ಬರೂ ಭಾನುವಾರಗಳಲ್ಲಿ ಕೊಟ್ಟಿಗೆ ಸೇರಿಕೊಂಡರೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ನಾನೇ ಮುದ್ದೆ ಸಾರು ಹಿಡಿದುಕೊಂಡು ಹೋಗುತ್ತಿದ್ದೆ. ಒಂದು ದಿನ ಹೋದಾಗ ಕಾರಿನ ಅಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಯಾರ ಕಾಲೇ ಅದು?"

"ನಂದೇ ಅಜ್ಜಿ, ಮಿತ್ರ," ಅಂತು ಅಡಿಯಿಂದ ದನಿ. "ಹಿಂದಿನ ಗಾಲಿಯ ಗಿಯರ್‌ಪೆಟ್ಟಿಗೆ ಬೆಸುಗೆ ಹಾಕ್ತಿದೀನಿ. ಬೆಳಕು ನೋಡ್ಬೇಡಿ, ಕಣ್ಣು ಹೋಗುತ್ತೆ."

"ಮುರಿದಿತ್ತಾ?"

"ಇಲ್ಲ. ಚೆನ್ನಾಗಿತ್ತು."

"ಚೆನ್ನಾಗಿರೋದಕ್ಕೆ ಯಾಕೆ ಬೆಸುಗೆ?"

ಚೈತ್ರ ಬಿಡಿಸಿ ಹೇಳಿದಳು. ಕಾರು ತಿರುಗುವಾಗ ಒಳಬದಿಯ ಚಕ್ರ ಕಡಿಮೆ ಸುತ್ತಬೇಕು, ಹೊರಬದಿಯದು ಹೆಚ್ಚು. ಅದಕ್ಕೆ ಅಂತಲೇ ಎರಡರ ನಡುವೆ ಆ ಪೆಟ್ಟಿಗೆ. ಅದನ್ನು ಬೆಸೆದುಬಿಟ್ಟರೆ ಎರಡೂ ಒಂದೇ ವೇಗ.

"ಕಣದಲ್ಲಿ ಮುದಿ ಎತ್ತನ್ನ ಮೇಟಿ ಪಕ್ಕಕ್ಕೆ ಕಟ್ತಿದ್ವಿ, ಹೋರಿಯನ್ನ ಹೊರಗಡೆಗೆ," ಅಂದೆ. "ಎರಡಕ್ಕೂ ಒಂದೇ ಹೆಜ್ಜೆ ಹಾಕ್ಸಿದ್ರೆ ಕಾಲು ಜಾರುತ್ತೆ."

"ಅದೇ ಅಜ್ಜಿ! ಜಾರಲಿ ಅಂತಲೇ ಮಾಡೋದು. ಹಿಂದಿನ ಚಕ್ರ ಜಾರಬೇಕು, ಮುಂದಿನದು ನಾವು ಹೇಳಿದ ಕಡೆ ನೋಡ್ಬೇಕು, ಕಾರು ಅಡ್ಡಡ್ಡ ಹೋಗ್ಬೇಕು. ಅದಕ್ಕೇ ಡ್ರಿಫ್ಟ್ ಅನ್ನೋದು."

"ಅಡ್ಡಡ್ಡ ಹೋಗೋರನ್ನ ನಮ್ಮೂರಲ್ಲಿ ಬೇಕಾದಷ್ಟು ನೋಡಿದೀನಿ. ಅದನ್ನೂ ಕಲೀಬೇಕಾ?"

ಕಾರಿನ ಅಡಿಯ ಕಾಲುಗಳು ನಗುತ್ತ ಅಲುಗಿದವು.

ಆಮೇಲೆ ಟರ್ಬೊ ಬಂತು. ಗುಜರಿಯಲ್ಲಿ ಸಿಕ್ಕಿದ್ದು, ಯಾವುದೋ ಡೀಸೆಲ್ ಜೀಪಿನದು, ದೊಡ್ಡ ಬಸವನಹುಳುವಿನ ಚಿಪ್ಪಿನ ಹಾಗೆ. ಒಳಗೆ ಒಂದು ಸರಳು, ಅದರ ಎರಡು ತುದಿಗೆ ಎರಡು ಪುಟ್ಟ ಚಕ್ರ. ಇಂಜಿನ್ನಿನ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದರ ಜೊತೆ ಇನ್ನೊಂದೂ ತಿರುಗಿ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿನ ಬಾಯಿಗೆ ತುರುಕುತ್ತದೆ. ತನ್ನ ಹೊಗೆಯಿಂದ ತನ್ನ ಒಲೆಯನ್ನೇ ಊದಿಕೊಳ್ಳುವ ಊದುಗೊಳವೆ ಅಂತ ನಾನು ತಿಳಿದುಕೊಂಡೆ. ಮಣ್ಣಿನಲ್ಲಿ ಯಾವ ಕಾರನ್ನಾದರೂ ಜಾರಿಸಬಹುದಂತೆ. ಟಾರಿನ ಮೇಲೆ ಇಷ್ಟು ಭಾರದ ಕಾರನ್ನು ಜಾರಿಸಲು ಬಲ ಬೇಕು, ಹಳೆಯ ಇಂಜಿನ್ನಿಗೆ ಆ ಬಲ ಇಲ್ಲ, ಅದಕ್ಕೇ ಇದು. ಮಿತ್ರ ಕಬ್ಬಿಣದ ಕೊಳವೆಗಳನ್ನು ಬಾಗಿಸಿ ಬೆಸೆದು ಟರ್ಬೊವನ್ನು ಇಂಜಿನ್ನಿನ ಪಕ್ಕಕ್ಕೆ ಕೂರಿಸಿದಳು. ಗಾಳಿ ತಣಿಸುವ ಜಾಲರಿಯೊಂದನ್ನು ಮುಂದೆ ಬಂಪರಿನ ಹಿಂದೆ ಸೇರಿಸಿದರು. ಕೈಬ್ರೇಕು ನನ್ನ ಊರುಗೋಲಿನಷ್ಟು ಉದ್ದ ಆಯಿತು. ತೂಕ ಇಳಿಸಬೇಕು ಅಂತ ಸೀಟುಗಳನ್ನು ಕೀಳತೊಡಗಿದರು.

"ಮುಂದಿನ ಎಡಗಡೆ ಸೀಟು ಬಿಡು," ಅಂದೆ.

"ತೂಕ ಅಜ್ಜಿ."

"ಅದು ಇರಲಿ ಅಂದೆ."

ನನ್ನ ಮುಖ ನೋಡಿ ಬಿಟ್ಟಳು.

ಇಷ್ಟೆಲ್ಲ ಬದಲಾಯಿಸಿದ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ, ಅದು ಕಾನೂನು. ಡ್ರಿಫ್ಟ್ ಸ್ಪರ್ಧೆ ನಡೆಯುವ ಟ್ರ್ಯಾಕಿಗೆ ಲಾರಿ ಮೇಲೆ ಹೋಗಬೇಕು, ಲಾರಿ ಮೇಲೆ ಬರಬೇಕು. ಚೈತ್ರ ಕದ್ದು ಓಡಿಸುವವಳಲ್ಲ. ಮಾಲೀಕರೇ ಆರ್‌ಟಿಒ ಕಚೇರಿಗೆ ಪತ್ರ ಬರೆದು, ಆರ್‌ಸಿ ಒಪ್ಪಿಸಿ, ಈ ಕಾರನ್ನು ರಸ್ತೆಯ ಲೆಕ್ಕದಿಂದ ತೆಗೆಯಿರಿ ಅಂತ ಕೇಳಬೇಕು. ಆ ಪತ್ರ ಹೋಗಿದೆ ಎನ್ನುವ ರಸೀದಿ ತೋರಿಸಿದರೆ ಮಾತ್ರ ಸ್ಪರ್ಧೆಯವರು ಹೆಸರು ಬರೆದುಕೊಳ್ಳುತ್ತಾರೆ. ಮಾಲೀಕಳು ನಾನು. ಪತ್ರ ಬರೆದೆ, ಶ್ರಾವಣದಲ್ಲಿ. ಮೇಷ್ಟ್ರು ಕಲಿಸಿದ ಹಾಗೆ ಎಡಕ್ಕೆ ಊರು, ಬಲಕ್ಕೆ ತಾರೀಖು, ಕೆಳಗೆ ಪೂರ್ತಿ ಹೆಸರು, ಮುನಿತಾಯಮ್ಮ.

ಅಂಚೆಗೆ ಹಾಕುವ ಮೊದಲು ಕೆಂಪರಾಜ ನೋಡಿಬಿಟ್ಟ.

ಅವನದು ಬರೀ ಹಟ ಅಲ್ಲ, ಹೆದರಿಕೆ. ಹೈವೇ ಪಕ್ಕದ ಗೋಡೌನಿನಲ್ಲಿ ಸೂಪರ್‌ವೈಸರ್ ಅವನು. ಅವನ ಗೆಳೆಯ ಮುನಿಸ್ವಾಮಿಯ ಮಗ ಅದೇ ಹೈವೇಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಲು ಹೋಗಿ ಬಿದ್ದ. ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಇವನು. ಆ ಹುಡುಗನಿಗೆ ಈಗ ಒಂದು ಕಾಲಿಲ್ಲ. ಅವತ್ತು ಹಾಕಿಕೊಂಡಿದ್ದ ಅಂಗಿಯನ್ನು ಕೆಂಪರಾಜ ಒಗೆಯಲು ಹಾಕಲಿಲ್ಲ, ಹಿತ್ತಲಿನಲ್ಲಿ ಸುಟ್ಟ.

"ಅವ್ವ, ಕಾರು ಓಡೋದನ್ನ ನಾನು ಕಣ್ಣಾರೆ ನೋಡಿ, ನನ್ನ ಮಾತು ಹೇಳೋವರೆಗೂ ಪತ್ರ ಹಾಕಲ್ಲ ಅಂತ ಮಾತು ಕೊಡು," ಅಂದ.

ಕೊಟ್ಟೆ. ಕೊಟ್ಟ ಮೇಲೆ ತಿಳಿಯಿತು ಅವನ ಉಪಾಯ. ಅವನು ನೋಡಲು ಬರಲೇ ಇಲ್ಲ. ಈ ಭಾನುವಾರ ಗೋಡೌನಿನಲ್ಲಿ ಲೋಡು, ಮುಂದಿನ ಭಾನುವಾರ ನಾಮಕರಣ, ಅದರ ಮುಂದಿನದಕ್ಕೆ ಹಲ್ಲುನೋವು. ಶ್ರಾವಣ ಕಳೆಯಿತು, ದಸರಾ ಕಳೆಯಿತು, ರಾಗಿ ಕೊಯ್ಲಿಗೆ ಬಂತು. ಪತ್ರ ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಬೆಚ್ಚಗಿತ್ತು. ಕಾಯುವುದು ನನಗೆ ಗೊತ್ತು. ಆದರೆ ನನ್ನ ಕಾಯುವಿಕೆಯನ್ನೇ ಬೀಗ ಮಾಡಿ ನನ್ನ ಬಾಗಿಲಿಗೆ ಹಾಕುತ್ತಾನೆ ಅಂದುಕೊಂಡಿರಲಿಲ್ಲ.

ಅಷ್ಟರಲ್ಲಿ ಮನೋಹರ್ ಬಂದ. ಅರಿಶಿನಕುಂಟೆಯ ಹತ್ತಿರ ಹೈವೇಗೆ ಮುಖ ಮಾಡಿ 'ಹಳ್ಳಿ ಊಟ'ದ ಹೋಟೆಲ್ ಕಟ್ಟುತ್ತಿರುವವನು. ಕೆಂಪರಾಜನೇ ಕರೆದುಕೊಂಡು ಬಂದಿದ್ದ. ಕೊಟ್ಟಿಗೆಗೆ ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕಿ, ಮೊಬೈಲಿನಲ್ಲಿ ಪಟ ಹೊಡೆದುಕೊಂಡ.

"ಸೂಪರ್ ಪೀಸು ಅಜ್ಜಿ. ಬಾಗಿಲಲ್ಲೇ ನಿಲ್ಲಿಸ್ತೀನಿ. ಬಾನೆಟ್ ತೆಗೆದು ಒಳಗೆ ಮಣ್ಣು ತುಂಬಿ ಸೇವಂತಿಗೆ ಹಾಕ್ತೀನಿ. ಜನ ಸೆಲ್ಫಿ ಹೊಡ್ಕೋತಾರೆ. ಕಾಗದ, ನಂಬರ್ ಪ್ಲೇಟು ಎಲ್ಲ ಸರಿಯಾಗಿರಬೇಕು ಅಷ್ಟೇ, ರದ್ದು ಗಿದ್ದು ಮಾಡಿಸ್ಬೇಡಿ."

"ಇಂಜಿನ್ನು?"

"ಅದ್ಯಾತಕ್ಕೆ ಅಜ್ಜಿ? ಕಿತ್ತು ಹಾಕಿದ್ರಾಯ್ತು." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದ, ಕಾರನ್ನು ನೋಡಿದ ಹಾಗೆಯೇ. "ಅಣ್ಣ, ಒಂದು ಮಾತು ಹೇಳ್ಲಾ? ಅಜ್ಜೀನೂ ಬಂದು ಪಕ್ಕದಲ್ಲಿ ಕೂತ್ಕೊಂಡು ಒಂದು ಬೀಸೋಕಲ್ಲು ತಿರುಗಿಸ್ತಾ ಇದ್ರೆ ಎಷ್ಟು ಚೆನ್ನಾಗಿರುತ್ತೆ! ರಾಗಿ ಹಾಕೋದೂ ಬೇಡ. ಸುಮ್ನೆ ತಿರುಗಿಸಿದ್ರೆ ಸಾಕು."

ಕೆಂಪರಾಜನ ಮುಖ ಕೆಂಪಾಯಿತು. ಆದರೂ ಬಂದವನನ್ನು ಬೇಲಿಯವರೆಗೂ ಕಳಿಸಿ ಬಂದ.

"ಸೇವಂತಿಗೆ ಅವನ ತಲೆ ಮೇಲೆ ಬೆಳೆದುಕೊಳ್ಳಲಿ," ಅಂತ ಮನೋಹರ್ ಹೋದ ಮೇಲೆ ಮಗನಿಗೆ ಹೇಳಿದೆ. "ರಾಗಿ ಇಲ್ಲದ ಕಲ್ಲು ತಿರುಗಿಸ್ಬೇಕಂತೆ ನಾನು. ಇಂಜಿನ್ ಇಲ್ಲದ ಕಾರು ಪಕ್ಕದಲ್ಲಿ. ಕೇಳಿಸ್ಕೊಂಡೆಯಾ?"

"ಅವನ ಮಾತು ಬಿಡವ್ವ. ಕಾರು ಅಲ್ಲಿ ನಿಂತಿದ್ರೆ ಮಗಳು ಅದರೊಳಗೆ ಸಾಯಲ್ಲ. ನಂಗೆ ಅಷ್ಟು ಸಾಕು. ಸಂಕ್ರಾಂತಿ ಮಾರನೇ ದಿನ ಲಾರಿ ತರ್ತೀನಿ ಅಂದಿದಾನೆ."

"ಅದಕ್ಕೆ ಮುಂಚೆ ಬಂದು ನೋಡು. ಇಲ್ಲ ಅಂದ್ರೆ ನಾನು ಕೊಟ್ಟ ಮಾತು ನೀನೇ ಮುರಿದ ಹಾಗೆ."

ಕೊನೆಗೂ ರಾಶಿ ಎತ್ತಿದ ಮರುದಿನದ ಭಾನುವಾರ ಬರುತ್ತೇನೆ ಅಂದ.

ಇಲ್ಲಿ ಒಂದು ಎಡವಟ್ಟಾಯಿತು. ರಾಶಿ ಎತ್ತಿದ ಕಣಕ್ಕೆ ಮೂರು ದಿನ ಪೊರಕೆ ಮುಟ್ಟಿಸುವ ಹಾಗಿಲ್ಲ, ಲಕ್ಷ್ಮಿ ಎದ್ದು ಹೋಗುತ್ತಾಳೆ ಎನ್ನುವುದು ನಮ್ಮ ಮನೆಯ ಪದ್ಧತಿ. ನಮ್ಮತ್ತೆಯ ಕಾಲದಿಂದ ಬಂದದ್ದು. ಚೈತ್ರ ಗುಡಿಸಲು ಹೋದಾಗ ನಾನೇ ಪೊರಕೆ ಕಸಿದುಕೊಂಡೆ. ಆ ಕಡೆ ಟರ್ಬೊ ಗಾಳಿ ಎಳೆಯುವ ಕೊಳವೆಯ ಬಾಯಿಗೆ ಹಾಕುವ ಫಿಲ್ಟರ್ ಇನ್ನೂ ಬಂದಿರಲಿಲ್ಲ. "ಎರಡು ಸುತ್ತಿಗೆ ಏನಾಗುತ್ತೆ ಬಿಡು," ಅಂದಳು ಚೈತ್ರ, ಮಿತ್ರಳಿಗೆ. ಅಪ್ಪ ಮನಸ್ಸು ಬದಲಾಯಿಸಿಬಿಡುತ್ತಾನೆ ಎನ್ನುವ ಆತುರ ಅವಳಿಗೆ. ಪೊರಕೆ ಮುಟ್ಟಿಸದ ಪದ್ಧತಿ ನನ್ನದು, ಬಾಯಿ ಕಟ್ಟದ ಆತುರ ಅವಳದು. ಎರಡೂ ಕಣದಲ್ಲಿ ಭೇಟಿಯಾದವು.

ಟೈರುಗಳನ್ನು ನಿಜವಾಗಿಯೂ ತೊಳೆದು ತಂದಿದ್ದಳು. ಕೆಂಪರಾಜ ಬೇಲಿಯ ಹತ್ತಿರ ಕೈಕಟ್ಟಿ ನಿಂತ. ಅವನ ಹೆಂಡತಿ ಜ್ಯೋತಿಲಕ್ಷ್ಮಿ ಸೆರಗಿನ ತುದಿ ಕಚ್ಚಿಕೊಂಡು ನಿಂತಳು. ಕಾರು ಮೊದಲು ಗೊರಗೊರ ಅಂತು, ಆಮೇಲೆ ಅದರೊಳಗಿಂದ ಸಣ್ಣ ಸಿಳ್ಳೆ ಎದ್ದಿತು, ಮಳೆಗಾಲದ ಸಂಜೆ ಜೀರುಂಡೆ ಕೂಗುವ ಹಾಗೆ. ಹಿಂಭಾಗ ಒಂದು ಕಡೆ ವಾಲಿ, ಕಣದ ಅಂಚಿನಲ್ಲಿ ಅರ್ಧ ಸುತ್ತು ಜಾರಿತು. ರಾಗಿಯ ಹೊಟ್ಟು, ಹುಲ್ಲಿನ ಚೂರು, ಸಣ್ಣ ಹರಳು ಎಲ್ಲ ಮೋಡವಾಗಿ ಮೇಲೆದ್ದವು. ಆ ಮೋಡದೊಳಗೆ ಸಿಳ್ಳೆ ಕೆರೆಯುವ ಸದ್ದಾಯಿತು, ಕಡಿಯಿತು, ನಿಂತಿತು. ಹಿಂದಿನಿಂದ ನೀಲಿ ಹೊಗೆ ಬಂತು.

ಟರ್ಬೊ ಬಿಚ್ಚಿದಾಗ ನೋಡಿದೆ. ಗಾಳಿ ಎಳೆಯುವ ಚಕ್ರದ ರೆಕ್ಕೆಗಳು ಇಲಿ ಕಡಿದ ಹಾಗೆ ಮುಕ್ಕಾಗಿದ್ದವು, ಒಳಗೆಲ್ಲ ನಮ್ಮ ಹೊಲದ ರಾಗಿ ಹೊಟ್ಟು.

"ನೋಡಿದೆ ಅವ್ವ," ಅಂದ ಕೆಂಪರಾಜ. ಅವನ ದನಿಯಲ್ಲಿ ನೆಮ್ಮದಿ. "ಇನ್ನು ಆ ಪತ್ರ ಒಲೆಗೆ ಹಾಕು."

"ಕಾರು ಓಡೋದನ್ನ ನೋಡ್ತೀನಿ ಅಂದಿದ್ದೆ. ನೀನು ನೋಡಿದ್ದು ನಿಂತಿದ್ದನ್ನ."

"ಅವ್ವ!"

"ಮಾತು ಮಾತೇ. ಓಡಿದ ಮೇಲೆ ನಿನ್ನ ಮಾತು ಕೇಳ್ತೀನಿ."

ಚೈತ್ರ ಹಿಂದೆ ತೆನೆ ಅರೆಯಲು ಉರುಳಿಸುತ್ತಿದ್ದ ರೋಣಗಲ್ಲಿನ ಮೇಲೆ ಕೂತಿದ್ದಳು, ಮೊಣಕಾಲಿಗೆ ಹಣೆ ಒತ್ತಿ. "ಆ ಹೋಟೆಲ್‌ನೋನಿಗೇ ಕೊಟ್ಬಿಡು ಅಜ್ಜಿ. ಸೇವಂತಿಗೆನಾದ್ರೂ ಬೆಳೀಲಿ."

"ಒಂದು ಹಿಡಿ ಹೊಟ್ಟಿಗೆ ಸೋತೆಯಾ? ನಾನು ವರ್ಷಾ ವರ್ಷ ಮೂಗಲ್ಲಿ ಬಾಯಲ್ಲಿ ಇಷ್ಟೇ ಹೊಟ್ಟು ಕುಡಿದು ರಾಗಿ ತೂರಿದೀನಿ, ಒಂದು ದಿನ ನೀಲಿ ಹೊಗೆ ಬಿಟ್ಟಿಲ್ಲ. ಏಳೇ ಮೇಲೆ."

"ಏಳಮ್ಮ ತಾಯಿ," ಅಂತ ಮಿತ್ರಳೂ ಅವಳ ಬೆನ್ನಿಗೆ ಗುದ್ದಿದಳು. "ಗುಜರಿ ಇನ್ನೂ ಮುಚ್ಚಿಲ್ಲ."

ಮಿತ್ರ ಇನ್ನೊಂದು ಟರ್ಬೊ ಹುಡುಕಿ ತಂದಳು. ಕೊಳವೆಗಳನ್ನೆಲ್ಲ ಬಿಚ್ಚಿ ತೊಳೆದರು. ಒಳಗೆ ಹೊಟ್ಟಿನ ಒಂದು ಎಳೆಯೂ ಉಳಿಯದ ಹಾಗೆ ಟಾರ್ಚು ಬಿಟ್ಟು ನೋಡಿದರು. ನಾನು ನನ್ನ ಹಳೆಯ ನೈಲಾನ್ ಸೀರೆ ಕತ್ತರಿಸಿ, ಕೊಳವೆಯ ಬಾಯಿಗೆ ಒಂದು ಕುಲಾವಿ ಹೊಲಿದೆ.

"ಅಜ್ಜಿ, ಫಿಲ್ಟರ್ ಬಂತು. ಅಂಗಡೀಲಿ ಸಿಗುತ್ತೆ ಇದು," ಅಂತ ಚೈತ್ರ ಡಬ್ಬಿ ತೋರಿಸಿದಳು.

"ನಾನು ಹೊಲಿದಿದ್ದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಿಲ್ಟರಿನ ಮೇಲೆ ಕುಲಾವಿಯನ್ನೂ ತೊಡಿಸಿದರು. ಕೆಲಸಕ್ಕೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಹಸಿರು ಹೂವಿನ ಸೀರೆ ಅದು, ಕಾರಿನ ಮೂತಿಗೆ ಒಪ್ಪಿತ್ತು.

ಸಂಕ್ರಾಂತಿಯ ಮಾರನೇ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು ಕಣಕ್ಕೆ ಹೋದೆ. ಹಬ್ಬಕ್ಕೆ ಅಂತ ಹಿಂದಿನ ದಿನವಷ್ಟೇ ಕೊನೆಯ ಮೆದೆಯನ್ನು ತುಳಿಸಿ ರಾಶಿ ಎತ್ತಿದ್ದೆವು. ಮೂರು ದಿನ ಕಳೆದಿರಲಿಲ್ಲ. ಪೊರಕೆ ತೆಗೆದುಕೊಂಡೆ. ಲಕ್ಷ್ಮಿ ಏಳುವುದಾದರೆ ಏಳಲಿ, ಸೀಟು ಕಿತ್ತ ಕಾರಿನ ಹಿಂದೆ ಜಾಗ ಖಾಲಿ ಇದೆ, ಬಂದು ಕೂರಲಿ ಅಂದುಕೊಂಡು ಮೇಟಿಯ ಬುಡದಿಂದ ಬೇಲಿಯವರೆಗೂ ಗುಡಿಸಿದೆ. ನೀರು ಚಿಮುಕಿಸಿ ಮತ್ತೆ ಗುಡಿಸಿದೆ. ಬೆನಕನನ್ನು ಮಾತ್ರ ಇದ್ದಲ್ಲೇ ಬಿಟ್ಟೆ.

ಮನೋಹರನ ಲಾರಿ ಬಂತು. ಕೆಂಪರಾಜ ರಜೆ ಹಾಕಿದ್ದ.

"ಏನಜ್ಜಿ, ರೆಡಿನಾ?" ಅಂದ ಮನೋಹರ್. "ಬೀಸೋಕಲ್ಲು ತಗೊಂಡಿದೀರಾ?"

"ಒಂಚೂರು ತಡಿಯಪ್ಪ. ಕೂತ್ಕೋ, ಕಾಫಿ ಕುಡಿ. ನಿಂಗೆ ಕಾಯೋಕೆ ಬರಲ್ಲ ಅಂತ ಕಾಣುತ್ತೆ."

ಚೈತ್ರ ಕಾರು ತಂದು ಕಣದ ಅಂಚಿಗೆ ನಿಲ್ಲಿಸಿದಳು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗಡೆ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಕೂತೆ.

"ಅವ್ವ! ಏನ್ ಮಾಡ್ತಿದೀಯ?" ಕೆಂಪರಾಜ ಓಡಿ ಬಂದ. "ಇಳಿ. ಇಳಿಯವ್ವ ಅಂದ್ರೆ! ನಿನ್ನ ಮೂಳೆ ಏನು ಈ ಕಾಲದ್ದಾ?"

"ನಿಂಗೆ ಹೆದರಿಕೆ ಆದ್ರೆ ಅಲ್ಲೇ ನಿಂತು ನೋಡು. ನೋಡ್ತೀನಿ ಅಂದಿದ್ದೆಯಲ್ಲ."

"ಚೈತ್ರ, ಅಜ್ಜೀನ ಇಳಿಸೇ."

"ಅಜ್ಜಿ ನನ್ನ ಮಾತು ಯಾವತ್ತು ಕೇಳಿದ್ದಾಳಪ್ಪ?" ಅಂದಳು ಚೈತ್ರ.

ಮಿತ್ರ ನನ್ನ ತುರುಬು ಬಿಚ್ಚಿ ಹೆಲ್ಮೆಟ್ ಹಾಕಿದಳು, ಎದೆಗೆ ಅಡ್ಡಡ್ಡ ಪಟ್ಟಿ ಬಿಗಿದಳು. ಎತ್ತಿಗೆ ನೊಗ ಕಟ್ಟಿದ ಹಾಗೆ. ಒಳಗೆ ಪೆಟ್ರೋಲು, ಬಿಸಿ ಎಣ್ಣೆ, ಎಲ್ಲೋ ಒಂದು ಮೂಲೆಯಲ್ಲಿ ಇನ್ನೂ ಹಳೆಯ ಮಲ್ಲಿಗೆ ದಂಡೆಯ ವಾಸನೆ. ಮದುವೆ ಕಾರಿನದು ಅದು, ಹೋಗಿರಲಿಲ್ಲ.

"ಭಯ ಆದ್ರೆ ನನ್ನ ತೊಡೆ ತಟ್ಟು ಅಜ್ಜಿ, ನಿಲ್ಲಿಸ್ತೀನಿ."

"ನಿಂಗೆ ಭಯ ಆದ್ರೆ ನನ್ನದನ್ನ ತಟ್ಟು. ಬಿಡು."

ಬಿಟ್ಟಳು. ಸಿಳ್ಳೆ ಎದ್ದಿತು, ಈ ಸಲ ಕಡಿಯಲಿಲ್ಲ. ಬೆನ್ನನ್ನು ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಯಿತು. ಅವಳು ಉದ್ದನೆಯ ಬ್ರೇಕನ್ನು ಒಮ್ಮೆ ಎಳೆದು ಬಿಟ್ಟಳು, ಮುಂದಿನ ಗಾಜಿನಲ್ಲಿದ್ದ ಬೇಲಿ ಪಕ್ಕಕ್ಕೆ ಓಡಿಹೋಯಿತು. ಆಮೇಲೆ ಮೇಟಿ ಬಂತು ನನ್ನ ಕಿಟಕಿಗೆ. ಬಂದದ್ದು ಹೋಗಲಿಲ್ಲ, ಅಲ್ಲೇ ನಿಂತಿತು. ಕಾರು ಅಡ್ಡವಾಗಿ ಜಾರುತ್ತ, ಮೂತಿಯನ್ನು ಮೇಟಿಯ ಕಡೆಗೆ ತೋರಿಸುತ್ತ, ಬಾಲವನ್ನು ಹೊರಗೆ ಚಾಚಿ, ಕಂಬದ ಸುತ್ತ ಸುತ್ತತೊಡಗಿತು. ಶಿವಗಂಗೆ ಬೆಟ್ಟ ಬಂತು, ಹೋಯಿತು. ಲಾರಿ ಬಂತು, ಹೋಯಿತು. ಕೈಯಲ್ಲಿ ಕಾಫಿ ಲೋಟ ಹಿಡಿದು ಬಾಯಿ ತೆರೆದ ಮನೋಹರ್ ಬಂದ, ಹೋದ. ಕೆಂಪರಾಜ ಬಂದ, ಹೋದ, ಮತ್ತೆ ಬಂದ. ಮೇಟಿ ಮಾತ್ರ ನನ್ನ ಕಿಟಕಿಯಲ್ಲೇ. ಕಣದಲ್ಲಿ ಎತ್ತುಗಳ ಹಿಂದೆ ಬಾರುಕೋಲು ಹಿಡಿದು ಎಷ್ಟು ವರ್ಷ ಸುತ್ತಿದ್ದೆನೋ, ಆಗಲೂ ನಡುವೆ ಅದೇ ಕಂಬ. ಆಗ ಕಾಲು ನೋಯುತ್ತಿತ್ತು, ತಲೆಯ ಮೇಲೆ ಬಿಸಿಲು. ಈಗ ನಾನು ಕೂತಿದ್ದೆ, ನೆಲವೇ ಓಡುತ್ತಿತ್ತು.

"ಹೊಯ್! ಹೊಯ್! ಹೊಯ್!" ಅಂತ ಯಾರೋ ಕೂಗುತ್ತಿದ್ದರು. ಎತ್ತು ಹೊಡೆಯುವ ಕೂಗು. ನಿಂತ ಮೇಲೆ ಗೊತ್ತಾಯಿತು, ಕೂಗುತ್ತಿದ್ದವಳು ನಾನೇ.

ಧೂಳು ಇಳಿಯಿತು. ಮೇಟಿ ನಿಂತಲ್ಲೇ ಇತ್ತು, ಬೆನಕನ ನೆತ್ತಿಯ ಗರಿಕೆ ಕೂಡ ಬಾಗಿರಲಿಲ್ಲ. ಕಣದ ಮೇಲೆ ಟೈರಿನ ಗೆರೆ ದುಂಡಗೆ ಬಿದ್ದಿತ್ತು. ಜ್ಯೋತಿಲಕ್ಷ್ಮಿ ಕಚ್ಚಿಕೊಂಡಿದ್ದ ಸೆರಗು ಬಿಟ್ಟು, "ಅಷ್ಟು ದುಂಡಗೆ ನಂಗೆ ರೊಟ್ಟೀನೂ ತಟ್ಟೋಕೆ ಬರಲ್ಲ," ಅಂದಳು.

ಕೆಂಪರಾಜ ನನ್ನ ಕಡೆಯ ಬಾಗಿಲು ತೆಗೆದ. ಅವನ ಕಣ್ಣಿನಲ್ಲಿ ನೀರಿತ್ತು. ಧೂಳಿಗೋ ಏನೋ.

"ಏನಾದ್ರೂ ಆಗಿದ್ರೆ?" ಅಂದ.

"ನೋಡಿದೆಯಾ ಇಲ್ಲವಾ?"

"ನೋಡಿದೆ."

"ಹೇಳು ನಿನ್ನ ಮಾತು."

ಅವನು ಮಗಳನ್ನು ನೋಡಿದ, ಕಾರನ್ನು ನೋಡಿದ, ಟೈರಿನ ಗೆರೆಯನ್ನು ನೋಡಿದ. "ಬೇಡ ಅವ್ವ. ನನ್ನ ಮಾತು ಬೇಡ ಅಂತಲೇ. ನಂಗೆ ಆಗಲ್ಲ."

ಚೈತ್ರ ಹೆಲ್ಮೆಟ್ಟು ತೆಗೆಯದೆ ಹಾಗೇ ಕೂತಿದ್ದಳು.

"ಸರಿ," ಅಂದೆ. "ನೀನು ಹೇಳಿದೆ, ನಾನು ಕೇಳಿಸ್ಕೊಂಡೆ. ನಾನು ಕೊಟ್ಟ ಮಾತು ಅಲ್ಲಿಗೆ ಮುಗೀತು. ಕೇಳ್ತೀನಿ ಅಂದಿದ್ದೆ, ಒಪ್ತೀನಿ ಅಂದಿರ್ಲಿಲ್ಲ. ನಿನ್ನ ಹೆದರಿಕೆ ನಿನ್ನದು ಮಗಾ, ಅದನ್ನ ನಾನು ಬೈಯಲ್ಲ. ಕಾರು ನನ್ನದು."

"ಅಣ್ಣ, ಹಂಗಾದ್ರೆ ಲಾರಿ?" ಅಂದ ಮನೋಹರ್.

"ಬಂದ ದಾರೀಲಿ ತಿರುಗಿಸ್ಕೊಳ್ಳಪ್ಪ," ಅಂದೆ. "ಕಣಕ್ಕೆ ಹತ್ತಿಸ್ಬೇಡ. ಟೈರು ತೊಳ್ದಿಲ್ಲ ನೀನು."

ಟ್ರಂಕಿನಿಂದ ಪತ್ರ ತೆಗೆದೆ, ಆರ್‌ಸಿ ತೆಗೆದೆ. ಶ್ರಾವಣದ ತಾರೀಖನ್ನು ಹೊಡೆದು ಹಾಕಿ ಆವತ್ತಿನದನ್ನು ಬರೆದೆ. ಮುಖ ತೊಳೆದುಕೊಂಡು ಹೊರಟೆ. ಬೇಲಿ ದಾಟುವಷ್ಟರಲ್ಲಿ ಚೈತ್ರ ಓಡಿ ಬಂದಳು. ಬೇಡ, ನಾನೇ ಹೋಗಬೇಕು ಅಂದೆ. ಹಿಂದಿನಿಂದ ಸ್ಕೂಟರಿನ ಸದ್ದು ಬಂತು.

"ಹತ್ತು," ಅಂದ ಕೆಂಪರಾಜ, ನನ್ನ ಮುಖ ನೋಡದೆ.

"ಎಲ್ಲಿಗೆ?"

"ಅಂಚೆ ಕಚೇರಿಗೆ. ನಾನು ಒಪ್ಪಿದೀನಿ ಅಂದ್ಕೋಬೇಡ, ಈಗಲೇ ಹೇಳ್ತಿದೀನಿ. ಈ ಬಿಸಿಲಲ್ಲಿ ಮುದುಕಿ ನಡ್ಕೊಂಡ್ ಹೋಗ್ತಿದಾಳೆ ಅಂತ ಊರು ನನ್ನ ಬೈಯುತ್ತೆ. ಅದಕ್ಕೆ."

ಹತ್ತಿದೆ. ಹೈವೇ ಹತ್ತಿರ ಬಂದ ಮೇಲೆ ಕತ್ತು ತಿರುಗಿಸದೆಯೇ ಕೇಳಿದ, "ಆ ಕಂಬಕ್ಕೆ ಅಷ್ಟು ಹತ್ತಿರ ಹೋಗೋದು... ಅವಳಿಗೆ ಯಾರು ಕಲಿಸಿದ್ದು?"

"ಅವಳೇ ಕಲಿತಿದ್ದು."

"ಹೂಂ," ಅಂದ. ಸ್ವಲ್ಪ ದೂರ ಹೋದ ಮೇಲೆ, "ಹೆಲ್ಮೆಟ್ ಸರಿಯಿಲ್ಲ ಅದು. ಒಳ್ಳೇದು ತಗೋಬೇಕು," ಅಂದ.

ಅಂಚೆ ಕಚೇರಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕೂತಿದ್ದಳು. ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತೂಕಕ್ಕೆ ಇಟ್ಟು, ನನ್ನ ತಲೆಯ ಮೇಲಿಂದ ಕೆಂಪರಾಜನನ್ನು ನೋಡಿ ಕೇಳಿದಳು, "ಕಳಿಸ್ತಿರೋರು ಯಾರು ಸಾರ್? ಒಳಗೇನಿದೆ?"

ಕೆಂಪರಾಜ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

"ನನ್ನ ಕೇಳ್ಬೇಡಮ್ಮ," ಅಂದ. "ಅವರದು ಅದು. ಅವರನ್ನೇ ಕೇಳು."

ಹುಡುಗಿ ನನ್ನ ಕಡೆ ತಿರುಗಿದಳು. ಹೆಸರು ಹೇಳಿದೆ, ಊರು ಹೇಳಿದೆ. ಒಳಗೇನಿದೆ ಎನ್ನುವುದಕ್ಕೆ, "ಕಾರಿನ ಕಾಗದ, ನಾನು ಬರೆದಿದ್ದು," ಅಂದೆ. ಅವಳು ರಸೀದಿ ಹರಿದು ನನ್ನ ಕೈಗೆ ಕೊಟ್ಟಳು, ಲಕೋಟೆಯ ಮೇಲೆ ಠಪ್ಪೆಂದು ಮೊಹರು ಹೊಡೆದಳು, ಹಿಂದೆ ಬಾಯಿ ತೆರೆದುಕೊಂಡಿದ್ದ ಚೀಲದೊಳಕ್ಕೆ ಎಸೆದಳು.